ಭಾವ ಅಡಗಿಸಿದ ಕೆಂಪು ಬಟನ್

ನಮ್ಮ ಭಾವನ ಕೆಲಸವೇನೆಂದು ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಅಮ್ಮ ‘ರಿಮೋಟ್ ರಿಪೇರಿ’ ಅನ್ನುತ್ತಾಳೆ. ಅವರನ್ನು ಕಟ್ಟಿಕೊಂಡಿರುವ ನನ್ನ ಅಕ್ಕ ಸಮಾಧಾನವಾಗಿದ್ದ ದಿನ ‘ಡಿಸೈನರ್’ ಅನ್ನುತ್ತಾಳೆ, ಸಿಟ್ಟು ಬಂದ ದಿನ ‘ಬಚ್ಚಿಡೋ ಕೆಲಸ’ ಅನ್ನುತ್ತಾಳೆ. ಭಾವನನ್ನೇ ಕೇಳಿದರೆ, ಕೇಳಿದವನನ್ನು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಇವನಿಗೆ ಇದೆಲ್ಲ ಯಾಕೆ ಬೇಕು ಎಂದು ತೂಗಿ, ‘ಏನೋ ಕಂಪ್ಯೂಟರ್ ಲೈನು’ ಎಂದು ಮಾತು ಮುಗಿಸುತ್ತಾರೆ.

ಇಷ್ಟು ಉತ್ತರಗಳಲ್ಲಿ ಸತ್ಯಕ್ಕೆ ಹತ್ತಿರದ್ದು ಸಿಟ್ಟು ಬಂದ ಅಕ್ಕನದು. ದೊಡ್ಡ ಸಭಾಂಗಣಗಳಲ್ಲಿ, ಆಫೀಸುಗಳ ಮೀಟಿಂಗ್ ಕೋಣೆಗಳಲ್ಲಿ, ಅನುಕೂಲಸ್ಥರ ಮನೆಗಳಲ್ಲಿ ಒಂದು ಗಾಜಿನ ಪರದೆ ಇರುತ್ತದಲ್ಲ, ಮುಟ್ಟಿದರೆ ದೀಪ ಹತ್ತುತ್ತದೆ, ಕರ್ಟನ್ ಸರಿಯುತ್ತದೆ, ಪ್ರೊಜೆಕ್ಟರ್ ಕಣ್ಣು ಬಿಡುತ್ತದೆ, ಮೈಕು ಬಾಯಿ ಮುಚ್ಚುತ್ತದೆ. ಆ ಪರದೆಯ ಮೇಲೆ ಯಾವ ಬಟನ್ ಯಾವಾಗ ಕಾಣಬೇಕು, ಯಾವಾಗ ಮಾಯವಾಗಬೇಕು ಎಂದು ತೀರ್ಮಾನಿಸುವವರು ನಮ್ಮ ಭಾವ. ಇರುವುದು ಪುಸ್ತಕದಗಲದ ಗಾಜು. ಅದರಲ್ಲಿ ಅಷ್ಟೆಲ್ಲ ಬಟನ್ನುಗಳಿಗೆ ಜಾಗ ಎಲ್ಲಿ? ಆದ್ದರಿಂದ ಪುಟದ ಮೇಲೆ ಪುಟ ಹೇರಿರುತ್ತಾರೆ. ಪ್ರೊಜೆಕ್ಟರ್ ಉರಿಯುತ್ತಿರುವಾಗ ‘ಆರಿಸು’ ಅನ್ನುವ ಬಟನ್ ಮಾತ್ರ ಮುಖ ತೋರಿಸಬೇಕು. ‘ಹಚ್ಚು’ ಅನ್ನುವುದು ಅದರ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ಕೂತಿರಬೇಕು. ನೋಡುವವರಿಗೆ ಅಲ್ಲಿ ನಾಲ್ಕೇ ಬಟನ್ನು. ಗಾಜಿನ ಹಿಂದೆ ಒಂದು ದಂಡೇ ಬೀಡುಬಿಟ್ಟಿರುತ್ತದೆ. ಆ ದಂಡಿಗೆ ನಮ್ಮ ಭಾವನೇ ದಂಡನಾಯಕರು.

ಈ ಕಸುಬಿಗೆ ಜಾಣತನಕ್ಕಿಂತ ಹೆಚ್ಚಾಗಿ ಬೇಕಾದದ್ದು ಅನುಮಾನ. ಅದು ಭಾವನಲ್ಲಿ ಧಾರಾಳವಾಗಿತ್ತು. ಮೊದಲು ಅವರು ಲಿಫ್ಟ್ ರಿಪೇರಿ ಮಾಡಿಕೊಂಡಿದ್ದವರು. ಲಿಫ್ಟಿನ ಬಾಗಿಲ ಬಳಿ ಕೂತು ನೋಡಿದರಂತೆ: ಮೇಲೆ ಹೋಗಬೇಕಾದವನೂ ಎರಡೂ ಬಾಣ ಒತ್ತುತ್ತಾನೆ, ಕೆಳಗೆ ಹೋಗಬೇಕಾದವನೂ ಎರಡೂ ಬಾಣ ಒತ್ತುತ್ತಾನೆ, ಎಲ್ಲಿಗೂ ಹೋಗಬೇಕಾಗಿಲ್ಲದವನು ಸುಮ್ಮನೆ ಹೋಗುತ್ತ ಒಂದು ಒತ್ತಿ ಹೋಗುತ್ತಾನೆ. ಆವತ್ತೇ ಅವರಿಗೆ ಮನುಷ್ಯನ ಬೆರಳಿನ ಮೇಲಿದ್ದ ನಂಬಿಕೆ ಹೊರಟುಹೋಯಿತು. ಬೆರಳು ಕೆಡುಕು ಮಾಡುವುದಕ್ಕೆ ಮೊದಲೇ ಕೆಡುಕಿನ ಬಟನ್ನನ್ನು ಎತ್ತಿ ಮರೆಯಲ್ಲಿಡುವುದೇ ತನ್ನ ಜೀವನದ ಗುರಿ ಎಂದು ನಿರ್ಧರಿಸಿದರು. ಅದೇ ಲಿಫ್ಟಿನ ಬಾಗಿಲಿಗೆ ಸಿಕ್ಕಿ ಅವರ ಸ್ವಂತ ಬೆರಳು ಮುರಿದದ್ದು, ಎಕ್ಸ್-ರೇ ತೆಗೆಸಲು ಹೋದದ್ದು, ಅಲ್ಲಿ ‘ಅಲುಗಾಡ್ಬೇಡಿ’ ಎಂದು ಗದರಿಸಿದ ಹುಡುಗಿಯನ್ನೇ ಮದುವೆಯಾದದ್ದು, ಎಲ್ಲ ಆ ಕಾಲದ್ದೇ. ಆ ಹುಡುಗಿ ನನ್ನ ಅಕ್ಕ. ಒಳಗಿರುವುದನ್ನು ಹೊರಗೆ ಕಾಣಿಸುವುದು ಅವಳ ಹೊಟ್ಟೆಪಾಡು. ಹೊರಗಿರುವುದನ್ನು ಒಳಗೆ ಅಡಗಿಸುವುದು ಅವರ ಹೊಟ್ಟೆಪಾಡು. ಇಬ್ಬರೂ ಒಂದೇ ಸೂರಿನಡಿ ಇಷ್ಟು ವರ್ಷ ಬಾಳಿದ್ದಾರೆಂದರೆ ಅದು ಸಾಮಾನ್ಯ ಸಾಧನೆಯಲ್ಲ.

ಮನೆಯಲ್ಲೂ ಭಾವನ ರಾಜ್ಯಭಾರ ಹಾಗೇ. ಟಿವಿ ರಿಮೋಟಿನ ಮೇಲೆ ಕಪ್ಪು ಟೇಪು. ದನಿ ಏರಿಸುವ, ಇಳಿಸುವ, ಚಾನೆಲ್ ಬದಲಿಸುವ ಬಟನ್ನುಗಳಿಗೆ ಮಾತ್ರ ಕಿಟಕಿ. ವಾಷಿಂಗ್ ಮೆಷಿನ್ನಿನ ಮೇಲೆ ಟೇಪು. ಫ್ರಿಜ್ಜಿನೊಳಗೂ ಒಂದು ತುಂಡು ಟೇಪು. ನಮ್ಮ ಅಮ್ಮ ಒಂದು ದಿನ ಹೇರ್‌ಪಿನ್ನಿನಿಂದ ರಿಮೋಟಿನ ಟೇಪಿನಡಿ ಕೆದಕುತ್ತ ಸಿಕ್ಕಿಬಿದ್ದಳು.

“ಏನ್ ಮಾಡ್ತಿದ್ದೀರಿ ಅತ್ತೆ?”

“ಏನಿಲ್ಲ ಅಳಿಯಂದ್ರೆ. ಇದ್ರೊಳಗೆ ಏನೋ ಬಚ್ಚಿಟ್ಟಿದ್ದೀರಿ, ಏನು ಅಂತ ನೋಡೋಣ ಅಂತ.”

“ಅದು ನಿಮಗೆ ಬೇಕಾಗಿರೋದಲ್ಲ.”

“ಬೇಡದೇ ಇದ್ರೆ ಯಾಕೆ ಬಚ್ಚಿಡ್ತಿದ್ರಿ?”

ಮರುದಿನ ರಿಮೋಟಿನ ಮೇಲೆ ಇನ್ನೊಂದು ಸುತ್ತು ಟೇಪು ಬಿತ್ತು.

ನಾವೆಲ್ಲ ಇರುವುದು ಒಂದೇ ಕಟ್ಟಡದಲ್ಲಿ. ಅಕ್ಕ ಭಾವ ಎರಡನೆಯ ಮಹಡಿ, ನಾನೂ ಅಮ್ಮನೂ ಅದರ ಮೇಲಿನದು. ಕಟ್ಟಡಕ್ಕೆ ರಸ್ತೆಯ ಕಡೆ ಒಂದು ದೊಡ್ಡ ಗೇಟು, ಹಿಂದುಗಡೆ ಒಂದು ಸಣ್ಣ ಗೇಟು. ಹಿಂದಿನ ಗೇಟು ದಾಟಿ ಗಲ್ಲಿ ಹಿಡಿದರೆ ಅಕ್ಕ ಕೆಲಸ ಮಾಡುವ ಆಸ್ಪತ್ರೆ ಕಣ್ಣಳತೆಯಲ್ಲೇ ಸಿಗುತ್ತದೆ. ಮುಂದಿನ ಗೇಟಿನಿಂದ ಹೋದರೆ ಪೆಟ್ರೋಲ್ ಬಂಕು, ಸಿಗ್ನಲ್ಲು, ಮೇಲ್ಸೇತುವೆಯ ಕೆಳಗಿನ ಗಲೀಜು ಎಲ್ಲ ಸುತ್ತಿ ಬರಬೇಕು. ಕೆಳಮನೆಯ ಅಜ್ಜಿ ಮಂಡಿನೋವಿನ ಚಿಕಿತ್ಸೆಗೆ ಕೋಲೂರಿಕೊಂಡು ಹೋಗುವುದು ಈ ಹಿಂದಿನ ಗೇಟಿನಿಂದಲೇ.

ಈ ಗೇಟನ್ನು ಶಾಶ್ವತವಾಗಿ ಮುಚ್ಚಿಸಬೇಕೆಂದು ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು ಹಟ ಹಿಡಿದಿದ್ದರು. ಅಧ್ಯಕ್ಷರು ವಿಮಾ ಕಂಪನಿಯಿಂದ ನಿವೃತ್ತರಾದವರು. ಸುಟ್ಟುಹೋಯಿತೆಂದು ಬಂದವನ ಅಂಗಡಿ ನಿಜವಾಗಿ ಸುಟ್ಟಿದೆಯೋ ಅಥವಾ ಇವನೇ ಸುಟ್ಟನೋ ಎಂದು ಮೂಸಿ ನೋಡುವುದೇ ಅವರ ಇಡೀ ಜೀವಮಾನದ ಉದ್ಯೋಗವಾಗಿತ್ತು. ನಿವೃತ್ತಿಯಾದ ಮೇಲೆ ಮೂಸಲು ಏನೂ ಸಿಗದೆ ಇಡೀ ಕಟ್ಟಡವನ್ನೇ ಮೂಸತೊಡಗಿದರು. ಅವರ ಮನೆಯ ಮುಂದಿನ ಕಾಲೊರೆಸುವ ಮ್ಯಾಟು ಒಂದು ದಿನ ಕಾಣೆಯಾಯಿತು. ಕಳ್ಳರು ಹಿಂದಿನ ಗೇಟಿನಿಂದ ಬರುತ್ತಿದ್ದಾರೆ ಎಂಬುದು ಅವರ ಸಿದ್ಧಾಂತ. ಇಡೀ ಕಟ್ಟಡದಲ್ಲಿ ಅವರ ಮ್ಯಾಟೊಂದನ್ನೇ ಆರಿಸಿಕೊಂಡು ಹೋಗುವಷ್ಟು ರಸಿಕನಾದ ಕಳ್ಳ ಯಾರು ಎಂದು ಅಕ್ಕ ಲಿಫ್ಟಿನಲ್ಲಿ ಕೇಳಿದ್ದಳು. ಅದು ಅವರ ಕಿವಿಗೆ ಬಿದ್ದಿತ್ತು. ವಾರ್ಷಿಕ ಸಭೆಯಲ್ಲಿ ಗೇಟಿನ ಪರವಾಗಿ ಅಕ್ಕ ಮಾತಾಡುವವಳಿದ್ದಾಳೆ ಎಂಬುದೂ ಬಿದ್ದಿತ್ತು.

ಅದೇ ಸಮಯಕ್ಕೆ ನೆಲಮಹಡಿಯ ಹಾಲಿಗೆ ಹೊಸ ಮೈಕು, ಹೊಸ ದೀಪ, ಅವೆಲ್ಲಕ್ಕೂ ಒಂದು ಗಾಜಿನ ಪರದೆ ಬಂತು. ಕೆಲಸ ಸಿಕ್ಕಿದ್ದು ಭಾವನ ಕಂಪನಿಗೆ. ಕಂಪನಿ ಕಳಿಸಿದ್ದು ಭಾವನನ್ನೇ. ಖಾಲಿ ಹಾಲಿನಲ್ಲಿ, ಮಡಚಿಟ್ಟ ಕುರ್ಚಿಗಳ ಸಾಕ್ಷಿಯಾಗಿ, ನಮ್ಮ ಕಾಲದ ಇಬ್ಬರು ಮಹಾ ಸಂಶಯಶೂರರು ಎದುರುಬದುರಾದರು.

“ಒಂದು ಬಟನ್ ಬೇಕಿತ್ತು,” ಅಂದರು ಅಧ್ಯಕ್ಷರು, ಬಾಗಿಲ ಕಡೆ ನೋಡಿ.

“ಯಾವುದಕ್ಕೆ ಸಾರ್?”

“ಸದಸ್ಯರು ಎದ್ದು ಮಾತಾಡೋ ಮೈಕ್ ಇದೆಯಲ್ಲ, ಅದನ್ನ ನಾನು ವೇದಿಕೆ ಮೇಲೆ ಕೂತಲ್ಲಿಂದ್ಲೇ ಬಂದ್ ಮಾಡೋ ಹಾಗಿರ್ಬೇಕು.”

“ಅದಕ್ಕೇನು ಸಾರ್, ಎಲ್ರಿಗೂ ಕಾಣೋ ಹಾಗೆ ಇಟ್ಬಿಡ್ತೀನಿ.”

“ಎಲ್ರಿಗೂ ಕಾಣೋ ಹಾಗಿದ್ರೆ ನಿಮ್ಮನ್ನ ಪಕ್ಕಕ್ಕೆ ಕರೆದು ಯಾಕೆ ಹೇಳ್ತಿದ್ದೆ? ನನ್ನ ಗುಟ್ಟಿನ ನಂಬರ್ ಒತ್ತಿದ ಮೇಲೆ ಮಾತ್ರ ಕಾಣ್ಬೇಕು. ಮೈಕ್ ಕೆಟ್ಟುಹೋಯ್ತು ಅನ್ನಿಸ್ಬೇಕು. ನಾನು ಆರಿಸ್ದೆ ಅಂತ ಅನ್ನಿಸ್ಬಾರ್ದು.”

“ಯಾರಾದ್ರೂ ಜಾಸ್ತಿ ಮಾತಾಡ್ತಾರೆ ಅಂತ ಅನುಮಾನವಾ ಸಾರ್?”

“ಛೇ ಛೇ, ಹಾಗೇನಿಲ್ಲ. ಅಂದಹಾಗೆ, ನಿಮ್ಮ ಮನೆಯವ್ರು ಹೇಗಿದ್ದಾರೆ?”

ಭಾವನಿಗೆ ಎಲ್ಲ ಅರ್ಥವಾಯಿತು. ಒಲ್ಲೆ ಎನ್ನಬಹುದಿತ್ತು. ಆದರೆ ಇವರು ಒಲ್ಲೆ ಎಂದರೆ ಕಂಪನಿ ಇನ್ನೊಬ್ಬನನ್ನು ಕಳಿಸುತ್ತದೆ. ಆ ಇನ್ನೊಬ್ಬ ಹಿಂದೆಮುಂದೆ ನೋಡದೆ ನಿಜವಾದ ಬಟನ್ನೇ ಮಾಡಿಕೊಟ್ಟು ಹೋಗುತ್ತಾನೆ. ಆದ್ದರಿಂದ ಭಾವ ‘ಆಗ್ಲಿ ಸಾರ್’ ಎಂದರು. ಎಂದು, ತಮ್ಮ ವೃತ್ತಿಜೀವನದ ಅತ್ಯಂತ ಧೂರ್ತ ಕೆಲಸಕ್ಕೆ ಕೈಹಾಕಿದರು: ಬಟನ್ನಿನಂತೆ ಕಾಣುವ, ಆದರೆ ಬಟನ್ನೇ ಅಲ್ಲದ ಒಂದು ಚಿತ್ರವನ್ನು ಮಾಡಿದರು. ಅಧ್ಯಕ್ಷರು ನಂಬರ್ ಒತ್ತಿದರೆ ಗುಟ್ಟಿನ ಪುಟ ತೆರೆಯುತ್ತದೆ, ಕೆಂಪು ಬಟನ್ ಏಳುತ್ತದೆ, ಮುಟ್ಟಿದರೆ ಇನ್ನಷ್ಟು ಕೆಂಪಾಗಿ ‘ಸದಸ್ಯರ ಮೈಕ್ ಬಂದ್’ ಎಂದು ತೋರಿಸುತ್ತದೆ. ಮೈಕು ಮಾತ್ರ ತನ್ನ ಪಾಡಿಗೆ ಚಾಲೂ ಇರುತ್ತದೆ. ಎಲ್ಲ ಮುಗಿಸಿ ಭಾವ ಖಾಲಿ ಹಾಲಿನಲ್ಲಿ ಕೆಂಪು ಬಟನ್ ಒತ್ತಿ, ಓಡಿಹೋಗಿ ಸದಸ್ಯರ ಮೈಕಿನಲ್ಲಿ ‘ಹಲೋ ಹಲೋ’ ಎಂದರು. ಚೆನ್ನಾಗಿ ಕೇಳಿಸಿತು. ಬಟನ್ನನ್ನು ಮತ್ತೊಮ್ಮೆ ಒತ್ತಿ ಮೊದಲಿನಂತೆ ಮಾಡಿದರು. ಪರೀಕ್ಷೆ ಮುಗಿಯಿತು.

ಇದನ್ನು ಓದುವವರಿಗೆ ಈಗಲೇ ಹೇಳುತ್ತಿದ್ದೇನೆ. ಆಗ ನನಗೆ ಗೊತ್ತಿರಲಿಲ್ಲ, ಅಮ್ಮನಿಗೆ ಗೊತ್ತಿರಲಿಲ್ಲ, ಮುಖ್ಯವಾಗಿ ಅಕ್ಕನಿಗೆ ಗೊತ್ತಿರಲಿಲ್ಲ. ಭಾವ ಒಬ್ಬರಿಗೂ ಬಾಯಿಬಿಟ್ಟಿರಲಿಲ್ಲ.

ಅಕ್ಕನಿಗೆ ಗೊತ್ತಾದದ್ದು ಅರ್ಧ, ಅದೂ ತಪ್ಪಾದ ಅರ್ಧ. ಭಾವ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಪುಟವನ್ನು ತಿದ್ದುತ್ತಿದ್ದರು. ಅಕ್ಕ ಟೀ ತಂದಳು. ಅವಳ ಚಪ್ಪಲಿಯ ಸದ್ದಿಗೆ ಭಾವ ಪುಟವನ್ನು ಮಾಯ ಮಾಡಿದರು. ಆದರೆ ಎಕ್ಸ್-ರೇ ಕೋಣೆಯ ಕಣ್ಣಿಗೆ ಒಂದು ಮಿಂಚು ಸಾಕು.

“ಅದೇನ್ರೀ ಅದು?”

“ಯಾವುದು?”

“ಈಗ ಇತ್ತಲ್ಲ, ಕೆಂಪಗೆ.”

“ಏನಿಲ್ಲ. ಫ್ಯಾನಿಂದು.”

“ಫ್ಯಾನಿನ ಮೇಲೆ ‘ಸದಸ್ಯರ ಮೈಕ್ ಬಂದ್’ ಅಂತ ಬರೀತಾರಾ?”

ಭಾವ ಟೀ ಕುಡಿಯುವ ನೆವದಲ್ಲಿ ಲೋಟದೊಳಗೆ ಮುಖ ಹುದುಗಿಸಿದರು.

“ನಾನು ಗೇಟಿನ ವಿಷ್ಯ ಮಾತಾಡ್ತೀನಿ ಅಂತ ನಿಮಗೆ ಗೊತ್ತು ತಾನೆ?”

“ಗೊತ್ತು ಕಣೇ.”

“ಅಧ್ಯಕ್ಷರಿಗೂ ಗೊತ್ತು.”

“ಇರ್ಬಹುದು.”

“ಇರ್ಬಹುದಂತೆ! ನನ್ನ ಮೈಕ್ ಬಂದ್ ಮಾಡೋಕೆ ನನ್ನ ಗಂಡನ ಕೈಲೇ ಬಟನ್ ಮಾಡಿಸ್ಕೊಂಡಿದ್ದಾರಾ ಅವ್ರು? ಹೌದೋ ಅಲ್ವೋ, ಒಂದೇ ಮಾತು.”

“ಸಭೆ ಮುಗೀಲಿ, ಹೇಳ್ತೀನಿ.”

ಗಂಡಂದಿರು ಹೇಳಬಾರದ ಮಾತುಗಳ ಪಟ್ಟಿ ಮಾಡಿದರೆ ಇದಕ್ಕೆ ಮೊದಲ ಸ್ಥಾನ. ಅಕ್ಕ ಖಾಲಿ ಲೋಟವನ್ನು ಎತ್ತಿಕೊಂಡು ಹೋದಳು. ಅದಾದ ಮೇಲೆ ಅವಳು ಭಾವನ ಜೊತೆ ಆಡಿದ ಮಾತುಗಳೆಂದರೆ ‘ಹಾಲು’, ‘ಬೀಗ’, ‘ಸರಿಯಿರಿ’, ಇಷ್ಟೇ. ನನ್ನ ಹತ್ತಿರ ಮಾತ್ರ ಒಂದು ಸಂಜೆ ಮೆಟ್ಟಿಲ ಮೇಲೆ ನಿಂತು, “ಗೇಟು ಹೋದ್ರೆ ಹೋಗ್ಲಿ ಕಣೋ, ನಾಲ್ಕು ಹೆಜ್ಜೆ ಜಾಸ್ತಿ ನಡೀತೀನಿ. ಇವ್ರೇ ಹಿಂಗೆ ಮಾಡಿದ್ರೆ ನಾನು ಯಾವ ಕಡೆ ನಡೀಲಿ?” ಎಂದಳು.

ಮನೆಯಲ್ಲಿ ಅನುಮಾನ ಅಂಟುಜಾಡ್ಯದಂತೆ ಹರಡಿತು. ಅಮ್ಮ ಅಳಿಯನನ್ನು ಅಡುಗೆಮನೆಯ ಬಾಗಿಲಲ್ಲಿ ಅಡ್ಡಗಟ್ಟಿದಳು.

“ಅಳಿಯಂದ್ರೆ, ಆ ಗಾಜಿನೊಳಗೆ ಯಾರನ್ನ ಬಚ್ಚಿಟ್ಟಿದ್ದೀರಿ? ಹೆಣ್ಣಾ?”

“ಅತ್ತೆ, ಅದು ಮೈಕಿನ ಬಟನ್ನು!”

“ಹಾಗಾದ್ರೆ ಹೆಂಡ್ತಿ ಕಂಡ ಕೂಡ್ಲೆ ಯಾಕೆ ಮುಚ್ಚಿದ್ರಿ?”

ನಾನೂ ನನ್ನ ಪಾಲಿನ ತನಿಖೆ ನಡೆಸಿದೆ. ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಭಾವನನ್ನು ಹಿಡಿದು, “ಏನ್ ಭಾವ, ನಿಜ ಹೇಳಿ” ಎಂದೆ. ಅವರು ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ, “ಕೆಲವು ವಿಷ್ಯ ಕಾಣದೇ ಇದ್ರೇನೇ ಕೆಲಸ ಮಾಡೋದು ಕಣಯ್ಯಾ” ಅಂದರು. ಅದು ತಪ್ಪೊಪ್ಪಿಗೆಯೇ ಎಂದು ನಾನು ತೀರ್ಮಾನಿಸಿದೆ. ಅಧ್ಯಕ್ಷರು ಇವರನ್ನು ಕೊಂಡುಕೊಂಡಿದ್ದಾರೆ! ಎಷ್ಟು ಅಗ್ಗಕ್ಕೆ ಎಂಬುದಷ್ಟೇ ನನಗೆ ತಿಳಿಯದೆ ಉಳಿದದ್ದು.

ಅಕ್ಕ ಮಾತ್ರ ಯುದ್ಧಕ್ಕೆ ಸಿದ್ಧಳಾದಳು. ಮೈಕು ಸತ್ತರೂ ತನ್ನ ದನಿ ಸಾಯಬಾರದು ಎಂದು ದಿನಾ ಆಸ್ಪತ್ರೆಯಿಂದ ಬಂದು ನಮ್ಮ ಮನೆಯಲ್ಲಿ ಅಭ್ಯಾಸ. ಅವಳು ಬಾಲ್ಕನಿಯಲ್ಲಿ ನಿಲ್ಲುವುದು, ಅಮ್ಮ ಎಲ್ಲ ಬಾಗಿಲು ಹಾಕಿಕೊಂಡು ಬಚ್ಚಲಲ್ಲಿ ಕೂರುವುದು.

“ಮಾನ್ಯ ಸದಸ್ಯರೇ!”

“ಕೇಳಿಸ್ತಿಲ್ಲ!” ಎಂದು ಬಚ್ಚಲಿನಿಂದ ಅಮ್ಮ.

“ಮಾನ್ಯ ಸದಸ್ಯರೇ!!”

“ಮಾನ್ಯ ಕೇಳಿಸ್ತು! ಸದಸ್ಯರು ಕೇಳಿಸ್ತಿಲ್ಲ!”

ಕೊನೆಕೊನೆಗೆ ಇಬ್ಬರೂ ಕೇಳಿಸತೊಡಗಿದರು. ಎದುರು ಕಟ್ಟಡದವರಿಗೂ ಕೇಳಿಸಿತು. ಅವರು ಪೊಲೀಸರಿಗೆ ಹೇಳುವ ಮಾತಾಡುತ್ತಿದ್ದರಂತೆ.

ಸಭೆಯ ದಿನ ಹಾಲು ತುಂಬಿತ್ತು. ಒಬ್ಬರ ಮೇಲೊಬ್ಬರಿಗೆ ಅನುಮಾನವಿರುವ ಮನೆಗಳವರೆಲ್ಲ ಒಂದೇ ಹೊತ್ತಿಗೆ ಒಂದೇ ಕಡೆ ಕೂತರೆ ಹೇಗಿರುತ್ತದೆ? ಎಲ್ಲರೂ ನಗುತ್ತಿದ್ದರು, ಎಲ್ಲರೂ ಓರೆಗಣ್ಣಲ್ಲಿ ನೋಡುತ್ತಿದ್ದರು. ವೇದಿಕೆಯ ಮೇಲೆ ಅಧ್ಯಕ್ಷರು, ಅವರ ಮುಂದೆ ಮೇಜು, ಮೇಜಿನ ಮೇಲೆ ಅವರ ಮೈಕು ಮತ್ತು ಭಾವ ಹದಗೊಳಿಸಿದ ಗಾಜಿನ ಪರದೆ. ಸಾಲುಗಳ ನಡುವೆ ಕಾಲೂರಿ ನಿಂತಿದ್ದ ಇನ್ನೊಂದು ಮೈಕು ಸದಸ್ಯರದು. ಭಾವ ಎಲ್ಲಕ್ಕಿಂತ ಹಿಂದಿನ ಕುರ್ಚಿಯಲ್ಲಿ, ಯಾವ ಕ್ಷಣಕ್ಕಾದರೂ ಮಾಯವಾಗಲು ಸಿದ್ಧರಾದ ಅವರದೇ ಒಂದು ಬಟನ್ನಿನ ಹಾಗೆ ಕೂತಿದ್ದರು.

ಅಧ್ಯಕ್ಷರು ಮ್ಯಾಟಿನ ಪ್ರಕರಣವನ್ನು ವಿಸ್ತಾರವಾಗಿ ಬಣ್ಣಿಸಿ ಹಿಂದಿನ ಗೇಟನ್ನು ಮುಚ್ಚುವ ಸೂಚನೆ ಮುಂದಿಟ್ಟರು. ಅಕ್ಕ ಎದ್ದು ಮೈಕಿನ ಬಳಿ ಹೋದಳು. ಹೋಗುವಾಗ ಒಮ್ಮೆ ಹಿಂದಿರುಗಿ ಗಂಡನನ್ನು ನೋಡಿದಳು. ಆ ನೋಟ ನನ್ನ ಮೇಲೆ ಬಿದ್ದಿದ್ದರೆ ನಾನು ಊರು ಬಿಡುತ್ತಿದ್ದೆ.

“ಮಾನ್ಯ ಸದಸ್ಯರೇ,” ಎಂದು ಅಕ್ಕ ಶುರುಮಾಡಿದಳು. ಮೈಕು ಸತ್ತೇ ಸಾಯುತ್ತದೆಂದು ಮೊದಲಿನಿಂದಲೇ ಪೂರ್ತಿ ಗಂಟಲು ತೆರೆದಿದ್ದಳು. ಮೈಕು ಬದುಕಿತ್ತು. ಎರಡೂ ಸೇರಿದ ಅಬ್ಬರಕ್ಕೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಕೆಳಮನೆ ಅಜ್ಜಿ ಕಿವಿಯ ಯಂತ್ರವನ್ನು ಕಿತ್ತು ಮಡಿಲಲ್ಲಿಟ್ಟುಕೊಂಡು, ಇನ್ನೂ ಚೆನ್ನಾಗಿ ಕೇಳಿಸುತ್ತಿದೆ ಎಂಬಂತೆ ತಲೆದೂಗಿದರು.

ಅಧ್ಯಕ್ಷರ ಬೆರಳು ಗಾಜಿನ ಮೇಲೆ ಸರಿಯಿತು. ನಂಬರ್ ಒತ್ತಿದರು. ಕೆಂಪು ಬಟನ್ ಎದ್ದು ಬಂತು. ಒತ್ತಿದರು. ‘ಸದಸ್ಯರ ಮೈಕ್ ಬಂದ್’ ಎಂದು ಪರದೆ ವಿನಯದಿಂದ ವರದಿ ಮಾಡಿತು.

ಅಕ್ಕನ ದನಿ ಹಾಗೇ ಮೊಳಗುತ್ತಿತ್ತು.

ಅಧ್ಯಕ್ಷರು ಮೈಕಿನತ್ತ ಬಾಗಿ ಏನೋ ಹೇಳಿದರು. ತುಟಿ ಅಲ್ಲಾಡಿತು, ಮೀಸೆ ಅಲ್ಲಾಡಿತು, ಸದ್ದು ಮಾತ್ರ ಹೊರಡಲಿಲ್ಲ. ಸತ್ತದ್ದು ಅವರದೇ ಮೈಕು! ಅದು ಅವರಿಗೆ ಗೊತ್ತಿಲ್ಲ. ಅಕ್ಕನ ಮೈಕು ಸಾಯಲಿಲ್ಲವಲ್ಲ ಎಂದು ಕೆಂಪು ಬಟನ್ನನ್ನು ಮತ್ತೆ ಒತ್ತಿದರು. ಅವರ ಮೈಕಿಗೆ ಜೀವ ಬಂತು.

“…ಯಾಕೆ ಆರ್ತಿಲ್ಲ ಇದು…” ಎಂದು ಅವರ ಗೊಣಗು ಹಾಲಿನ ನಾಲ್ಕೂ ಮೂಲೆಗೆ ಕೇಳಿಸಿತು.

ಮತ್ತೆ ಒತ್ತಿದರು. ಮೌನ. ತುಟಿ, ಮೀಸೆ. ಮತ್ತೆ ಒತ್ತಿದರು.

“…ಈ ಹೆಂಗಸಿನ ಗಂಟ್ಲಿಗೆ ಒಂದು…”

ಒತ್ತಿದರು. ಮೌನ. ಒತ್ತಿದರು.

“…ಬಂದ್ ಅಂತ ತೋರಿಸ್ತದೆ, ಬಾಯಿ ನೋಡಿದ್ರೆ…”

ಮೊದಲು ನಕ್ಕದ್ದು ಯಾರು ಎಂಬ ಬಗ್ಗೆ ಕಟ್ಟಡದಲ್ಲಿ ಇನ್ನೂ ವಾದವಿದೆ. ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ಅಕ್ಕ ಮಾತು ನಿಲ್ಲಿಸಿ, “ಅಧ್ಯಕ್ಷರು ಏನೋ ಹೇಳ್ಬೇಕು ಅಂತಿದ್ದಾರೆ, ದಯವಿಟ್ಟು ಕೇಳಿಸ್ಕೊಳ್ಳಿ” ಎಂದಳು. ಅಧ್ಯಕ್ಷರು ಗಾಬರಿಯಲ್ಲಿ ಇನ್ನೊಮ್ಮೆ ಒತ್ತಿ, ಎದ್ದು ನಿಂತು, ಅದು ಫ್ಯಾನಿನ ಬಟನ್ನೆಂದು ಸಾರಿದರು. ಆಗ ಮೈಕು ಸತ್ತಿದ್ದ ಸರದಿ. ಕೇಳಿಸಿದ್ದು ಮೊದಲೆರಡು ಸಾಲಿಗೆ ಮಾತ್ರ. ಕೈಯೆತ್ತಿಸಿದಾಗ ಗೇಟು ಮುಚ್ಚುವ ಕಡೆ ಅಧ್ಯಕ್ಷರ ಕೈ, ಅವರ ಮನೆಯವರದು, ಮತ್ತು ಏನು ನಡೆಯುತ್ತಿದೆಯೆಂದು ತಿಳಿಯದ ಒಬ್ಬ ಹೊಸ ಬಾಡಿಗೆದಾರನದು. ಗೇಟು ಉಳಿಯಿತು.

ಜನ ಭಾವನನ್ನು ಮುತ್ತಿಕೊಂಡರು. ಒಬ್ಬರು ಕೈ ಕುಲುಕಿದರು, ಇನ್ನೊಬ್ಬರು ಬೆನ್ನಿಗೆ ಗುದ್ದಿದರು. “ಏನ್ ತಲೆ ಸ್ವಾಮಿ! ಅವ್ರ ಬಟನ್ನಲ್ಲೇ ಅವ್ರ ಬಾಯಿ ಮುಚ್ಚಿಸಿಬಿಟ್ರಲ್ಲ!” ಭಾವನ ಮುಖ ಮಾತ್ರ ಬಿಳುಚಿತ್ತು. ವಿನಯ ಎಂದುಕೊಂಡೆವು. ಅದು ಭಯ.

ನಾವೆಲ್ಲ ಅಕ್ಕನ ಮನೆಗೆ ಬಂದ ಮೇಲೆ ಅವಳು ತಾನಾಗಿ ಟೀ ಮಾಡಿ ತಂದು ಭಾವನ ಪಕ್ಕ ಕೂತಳು. ಅಷ್ಟು ದಿನಗಳ ಮೇಲೆ ಅವಳ ಮುಖದಲ್ಲಿ ಬೆಳಕಿತ್ತು. “ಅಲ್ರೀ, ನನಗೋಸ್ಕರ ಇಷ್ಟೆಲ್ಲ ಹೂಡಿದ್ರಾ? ನಾನು ಏನೇನೋ ಅಂದ್ಕೊಂಡ್ನಲ್ಲ ನಿಮ್ಮನ್ನ!”

ಇಲ್ಲಿ ಬೇರೆ ಯಾವ ಗಂಡಸಾದರೂ ಕಿರೀಟವನ್ನು ತಲೆಗೇರಿಸಿಕೊಂಡು ಟೀ ಕುಡಿಯುತ್ತಿದ್ದ. ನಾನಾಗಿದ್ದರೆ ಜೊತೆಗೆ ಬಿಸ್ಕತ್ತನ್ನೂ ಕೇಳುತ್ತಿದ್ದೆ. ಭಾವ ಲೋಟ ಕೆಳಗಿಟ್ಟರು.

“ಅದು ತಪ್ಪು ಕಣೇ. ನನ್ನ ಕೈಯಿಂದ ಆದ ತಪ್ಪು.”

ಆಮೇಲೆ ಎಲ್ಲ ಹೊರಬಂತು. ಕೆಂಪು ಬಟನ್ ಬರೀ ಚಿತ್ರ ಎಂಬುದು ಬೇಕೆಂದೇ ಮಾಡಿದ್ದು. ಅದರ ಕೆಳಗಿನ ಪುಟದಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ವೇದಿಕೆಯ ಮೈಕನ್ನು ಆರಿಸಿ ಹಚ್ಚುವ ಬಟನ್ ಇತ್ತು. ಭಾವ ಅದನ್ನು ಕಾಣದಂತೆ ಮಾಡಿದ್ದರು. ಆದರೆ ಅವರ ಕಸುಬಿನಲ್ಲಿ ಒಂದು ಬಟನ್ನಿಗೆ ಕಾಣಬೇಡ ಎಂದು ಹೇಳುವುದು ಬೇರೆ, ಮುಟ್ಟಿದರೂ ಅಲುಗಬೇಡ ಎಂದು ಹೇಳುವುದು ಬೇರೆ. ಎರಡನೆಯದನ್ನು ಹೇಳಲು ಮರೆತಿದ್ದರು. ಮೇಲಿನ ಚಿತ್ರ ಬಣ್ಣ ಬದಲಿಸಿಕೊಂಡು, ಬಂದ ಒತ್ತನ್ನು ಕೆಳಗಿನವನಿಗೆ ದಾಟಿಸಿಬಿಟ್ಟಿತ್ತು. ಅಡಗಿದ್ದವನು ಕತ್ತಲಲ್ಲೇ ಕೂತು ನಿಷ್ಠೆಯಿಂದ ಕೆಲಸ ಮಾಡಿದ್ದ.

“ಪರೀಕ್ಷೆ ಮಾಡ್ಲಿಲ್ವಾ ನೀವು?”

“ನಿನ್ನ ಮೈಕ್ ಆರುತ್ತೋ ಅಂತ ಅನುಮಾನ ಇತ್ತು, ಅದನ್ನ ಮಾಡ್ದೆ. ಅವ್ರ ಮೈಕಿನ ಮೇಲೆ ಅನುಮಾನವೇ ಬರ್ಲಿಲ್ಲ.”

ಅಕ್ಕ ನಗುತ್ತಾಳೆಂದು ನಾನು ಕಾದೆ. ನಗಲಿಲ್ಲ.

“ಹಾಗಾದ್ರೆ ಆ ಬಟನ್ ಸುಳ್ಳು ಅಂತ ನಿಮಗೆ ಮೊದ್ಲೇ ಗೊತ್ತಿತ್ತು. ನಾನು ಇಷ್ಟು ದಿನ ಬೇಯ್ತಾ ಇದ್ದೆ. ಯಾಕ್ರೀ ಹೇಳ್ಲಿಲ್ಲ?”

“ನಿನ್ನ ಮುಖದಲ್ಲಿ ಏನೂ ನಿಲ್ಲಲ್ಲ ಕಣೇ. ಸಭೇಲಿ ಅವ್ರು ಬಟನ್ ಒತ್ತೋಕೆ ಮುಂಚೆನೇ ನೀನು ನಕ್ಕುಬಿಡ್ತೀಯ ಅಂತ…”

“ಅಂದ್ರೆ ಅಧ್ಯಕ್ಷರ ಮೇಲೆ ಅನುಮಾನ ಪಟ್ರಿ, ಸರಿ. ನನ್ನನ್ನೂ ಅದೇ ಸಾಲಲ್ಲಿ ಕೂರಿಸಿದ್ರಿ.”

ಟೀ ಹಾಗೇ ಆರಿತು. ಬೆಳಕು ಬಂದಿದ್ದ ಮುಖ ಮತ್ತೆ ಬಾಗಿಲು ಹಾಕಿಕೊಂಡಿತು. ಗಂಡ ತನಗೆ ವಿರುದ್ಧವಾಗಿ ಇರಲಿಲ್ಲ ಎಂಬುದು ತಿಳಿದಿತ್ತು. ಆದರೆ ಗಂಡ ತನ್ನನ್ನು ನಂಬಲೂ ಇಲ್ಲ ಎಂಬುದು ಅದರ ಬೆನ್ನಿಗೇ ಬಂದಿತ್ತು. ಯಾವುದು ಹೆಚ್ಚು ನೋಯುತ್ತದೆಂದು ಅಕ್ಕನಿಗೇ ಬಗೆಹರಿಯಲಿಲ್ಲವೆಂದು ಕಾಣುತ್ತದೆ.

ಮರುದಿನ ಬೆಳಿಗ್ಗೆ ನಾನು ಪೇಪರ್ ಕೇಳಿಕೊಂಡು ಹೋಗುವ ನೆಪದಲ್ಲಿ ಅಲ್ಲಿದ್ದೆ. ಬೆಲ್ ಆಯಿತು. ಬಾಗಿಲಲ್ಲಿ ಅಧ್ಯಕ್ಷರು.

“ಬೇಕೂಂತಲೇ ಮಾಡಿದ್ದೀರಿ ನೀವು,” ಎಂದರು ಭಾವನಿಗೆ, ಚಪ್ಪಲಿ ಕೂಡ ಬಿಡದೆ. “ನಾನು ಜನ್ಮವಿಡೀ ಮೋಸ ಹಿಡಿದವ್ನು. ಇವತ್ತೇ ನಿಮ್ಮ ಕಂಪನಿಗೆ ಬರೀತೀನಿ. ಗಿರಾಕಿಗೆ ಬೇಕೂಂತಲೇ ಅವಮಾನ ಮಾಡಿದ ಅಂತ.”

ಭಾವನ ಕಂಪನಿಯ ಮಾಲೀಕ ತಪ್ಪುಗಳನ್ನು ಬೈದು ಕ್ಷಮಿಸುವವನು. ಬೇಕೆಂದು ಮಾಡಿದ್ದು ಎಂದರೆ ಅದೇ ದಿನ ಬಾಗಿಲು ತೋರಿಸುವವನು. ಬಟನ್ ಸುಳ್ಳೆಂಬುದು ಬೇಕೆಂದೇ ಮಾಡಿದ್ದು, ಮೈಕು ಸತ್ತದ್ದು ಬೇಕೆಂದಲ್ಲ. ಒಂದನ್ನು ಹೇಳಿದರೆ ಇನ್ನೊಂದೂ ಹೊರಬೀಳುತ್ತದೆ. ಸತ್ಯ ಹೇಳಿದರೂ ಕೆಟ್ಟರು, ಹೇಳದಿದ್ದರೂ ಕೆಟ್ಟರು.

ಆಸ್ಪತ್ರೆಗೆ ಹೊರಟಿದ್ದ ಅಕ್ಕ, ಬಿಳಿ ಕೋಟನ್ನು ತೋಳಿಗೆ ಹಾಕಿಕೊಂಡು ಒಳಗಿನಿಂದ ಬಂದಳು. ಅವಳು ಇನ್ನೂ ಗಂಡನೊಡನೆ ಮಾತು ಬಿಟ್ಟವಳೇ. ಅವಳ ಮುಖದಲ್ಲಿ ಏನೂ ನಿಲ್ಲುವುದಿಲ್ಲ!

“ಅದು ತಪ್ಪು ಸಾರ್. ಬೇಕೂಂತ ಮಾಡಿದ್ದಲ್ಲ,” ಎಂದಳು.

“ನೀವು ಇನ್ನೇನು ಹೇಳ್ತೀರಿ, ಹೆಂಡ್ತಿ.”

“ಹೆಂಡ್ತಿನೇ. ನಿಮ್ಮ ಬಟನ್ ಕಂಡ ದಿನದಿಂದ ಇವ್ರ ಜೊತೆ ಮಾತು ಬಿಟ್ಟಿರೋ ಹೆಂಡ್ತಿ. ಬೇಕಾದ್ರೆ ಇಡೀ ಕಟ್ಟಡನ ಕೇಳಿ. ಇವ್ರ ಪರ ಸುಳ್ಳು ಹೇಳೋ ಮನಸ್ಸು ನನಗೆ ಈಗ ಎಳ್ಳಷ್ಟೂ ಇಲ್ಲ. ಆದ್ರೆ ಒಂದು ಹೇಳ್ತೀನಿ. ಇವ್ರು ಬೇಕೂಂತ ಮಾಡಿದ್ದು ಯಾವತ್ತೂ ಯಾರ ಕಣ್ಣಿಗೂ ಬೀಳಲ್ಲ. ಇಡೀ ಹಾಲಿಗೆ ಕಂಡಿದೆ ಅಂದ್ರೆ ಅದು ತಪ್ಪೇ.”

ಅಧ್ಯಕ್ಷರ ಮೋಸ ಹಿಡಿದ ಅನುಭವಕ್ಕೆ ಈ ವಾದದಲ್ಲಿ ಏನೋ ತೂಕ ಕಂಡಿರಬೇಕು. ಆದರೆ ಮೂಸುವ ಮೂಗು ಸುಮ್ಮನಿರಲಿಲ್ಲ.

“ಸರಿ. ನನ್ನ ಮೈಕ್ ಆರಿದ್ದು ತಪ್ಪು. ನಿಮ್ಮ ಮೈಕ್ ಆರ್ಲಿಲ್ಲವಲ್ಲ, ಅದು?”

ಭಾವ ಗೋಡೆಯ ಕ್ಯಾಲೆಂಡರಿನ ಮೇಲೆ ದೃಷ್ಟಿ ನೆಟ್ಟರು. ನಾನು ಪೇಪರಿನೊಳಗೆ ಹೋದೆ. ಅಕ್ಕನ ಮುಖ ಮಾತ್ರ ಆಸ್ಪತ್ರೆಯ ಗೋಡೆಯ ಹಾಗಿತ್ತು. ಬಿಳಿ, ಸಮ, ಒಂದು ಗೆರೆಯಿಲ್ಲ.

“ಅದೂ ಕೆಟ್ಟಿತ್ತೇನೋ. ಅದನ್ನೂ ಬರೀರಿ ಸಾರ್. ಯಾವ ಬಟನ್, ಯಾರ ಬಾಯಿಗೆ, ಯಾಕೆ ಗುಟ್ಟಾಗಿ ಕೇಳಿದ್ರಿ, ಒಂದೂ ಬಿಡ್ಬೇಡಿ. ಎರಡು ಪ್ರತಿ ಮಾಡಿ. ಒಂದನ್ನ ನಾನೇ ಲಿಫ್ಟಿನ ಪಕ್ಕ ಅಂಟಿಸ್ತೀನಿ.”

“ಅದು… ಅದು ಫ್ಯಾನಿನ…”

“ಫ್ಯಾನು ಚೆನ್ನಾಗೇ ತಿರುಗ್ತಿದೆ ಸಾರ್.”

ಅಧ್ಯಕ್ಷರು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ಮೂಸಿದರು. ಅಕ್ಕನ ಮುಖದಲ್ಲಿ ಹೆಚ್ಚು ಹೊತ್ತು ನಿಂತರು. ಏನೂ ಸಿಗಲಿಲ್ಲ. “ಮೊದ್ಲು ಅದನ್ನ ಸರಿಮಾಡಿ” ಎಂದು ಭಾವನಿಗೆ ಹೇಳಿ ಇಳಿದು ಹೋದರು. ಲಿಫ್ಟಿನ ಸದ್ದು ಕೆಳಗೆ ಹೋಗಿ ನಿಲ್ಲುವವರೆಗೂ ಅಕ್ಕ ಹಾಗೇ ನಿಂತಿದ್ದಳು. ನಿಂತ ಮೇಲೆ ಬಾಗಿಲು ಹಾಕಿ, ಕೋಟಿನಲ್ಲಿ ಮುಖ ಮುಚ್ಚಿಕೊಂಡು, ಗೋಡೆಗೊರಗಿ ನಗತೊಡಗಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

“ನೋಡಿದ್ರಲ್ಲ?” ಎಂದಳು ಭಾವನಿಗೆ. “ನಿಲ್ಲಲ್ವಂತೆ ನನ್ನ ಮುಖದಲ್ಲಿ! ಇನ್ನೊಂದು ಸಲ ನನ್ನ ಹತ್ರ ಏನಾದ್ರೂ ಬಚ್ಚಿಟ್ರೆ ನೋಡಿ.”

“ಇಲ್ಲ ಕಣೇ. ತಪ್ಪಾಯ್ತು. ಎಲ್ಲ ಹೇಳ್ತೀನಿ ಇನ್ಮೇಲೆ,” ಎಂದರು ಭಾವ. ಆ ಗಳಿಗೆಯಲ್ಲಿ ಅವರ ಕಣ್ಣಲ್ಲಿದ್ದದ್ದು ಅಪ್ಪಟ ಮೆಚ್ಚುಗೆ. ಇಬ್ಬರ ನಡುವಿನ ಗಂಟು ಬಿಚ್ಚಿತು ಎಂದು ನಾನು ಪೇಪರ್ ಮಡಚಿದೆ.

ಅಕ್ಕ ಕಣ್ಣೊರೆಸಿಕೊಂಡು, ಕೋಟು ಕೊಡವಿ, ಮೆಟ್ಟಿಲಿಳಿದು ಹೋದಳು. ಭಾವ ಬಾಲ್ಕನಿಗೆ ಹೋಗಿ ಅವಳು ಗಲ್ಲಿಯಲ್ಲಿ ನಡೆದು ಹೋಗುವುದನ್ನು ನೋಡುತ್ತ ನಿಂತರು. ನೋಡನೋಡುತ್ತಿದ್ದಂತೆ ಮೆಚ್ಚುಗೆ ಮೆಲ್ಲಗೆ ಇಳಿದು, ಹುಬ್ಬುಗಳು ಹತ್ತಿರ ಹತ್ತಿರ ಬಂದವು.

“ಏನ್ ಭಾವ?” ಎಂದೆ.

“ಅಲ್ಲ ಕಣಯ್ಯಾ,” ಎಂದರು ಅವರು, ದನಿ ತಗ್ಗಿಸಿ. “ಇಷ್ಟು ಚೆನ್ನಾಗಿ ಮುಖದಲ್ಲೇನೂ ತೋರಿಸ್ದೆ ಇರೋಕೆ ಬರುತ್ತಲ್ಲ ಇವಳಿಗೆ… ಇಷ್ಟು ವರ್ಷದಲ್ಲಿ ನನ್ನಿಂದ ಏನೇನು ಬಚ್ಚಿಟ್ಟಿರ್ಬಹುದು?”